ಒಂದು ಗಿಟಾರ್ ಪಾಠಕ್ಕೆ ಬಂದ ಗತಿ

ಸಂಗೀತ ಕಲಿತರೆ ಮನಸ್ಸು ಶಾಂತವಾಗುತ್ತದೆ ಎಂದು ಯಾರಾದರೂ ಹೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ನನಗೆ ಆದದ್ದೆಲ್ಲ ಅದಕ್ಕೆ ತದ್ವಿರುದ್ಧ.

ಎಪ್ಪತ್ತರ ದಶಕದಲ್ಲಿ ಬ್ಯಾಂಕಿನ ಕೆಲಸದ ಮೇಲೆ ಮುಂಬಯಿಯಲ್ಲಿದ್ದಾಗ ಒಬ್ಬ ವೃದ್ಧ ಗುರುಗಳಲ್ಲಿ ಗಿಟಾರ್ ಕಲಿತೆ. ಸಿನಿಮಾ ಗಿಟಾರ್ ಅಲ್ಲ. ಒಬ್ಬನೇ ಕೂತು ಬೆರಳಲ್ಲಿ ಮೀಟುವ ಯುರೋಪಿನ ಶಾಸ್ತ್ರೀಯ ಗಿಟಾರ್. ಭಟ್ಕಳಕ್ಕೆ ವರ್ಗವಾದಾಗ ಗುರುಗಳು ಒಂದು ಪಾಠ ಕೊಟ್ಟರು. ನೂರು ವರ್ಷಕ್ಕೂ ಹಿಂದೆ ಬೆರಳಿನ ಅಭ್ಯಾಸಕ್ಕೆಂದು ಬರೆದದ್ದು, ಆದರೂ ಕೇಳಿದರೆ ಕರುಳು ಕರಗುತ್ತದೆ. "ನಾಲ್ಕು ಜನರೆದುರು ಇದನ್ನು ಕೊನೆಯವರೆಗೆ ನುಡಿಸು. ಅಲ್ಲಿಯವರೆಗೆ ಮುಂದಿನ ಪಾಠ ಕೇಳಬೇಡ" ಎಂದರು. ಸಣ್ಣ ಪಾಠ. ಅದನ್ನು ಮುಗಿಸಲು ಮೂರು ಊರು ಬೇಕಾಯಿತು.

ಭಟ್ಕಳ

ಊರ ಪಕ್ಕದ ಹೆಬಳೆಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಯ ದೋಣಿಯವನನ್ನೂ ಅವನ ಹೆಂಡತಿ ಮಕ್ಕಳನ್ನೂ ಕೂರಿಸಿ ಶುರುಮಾಡಿದೆ. ಅರ್ಧಕ್ಕೆ ನೈಲಾನ್ ತಂತಿ ಹರಿಯಿತು. ಮುಂಬಯಿಯಿಂದ ತಂದಿದ್ದ ಬೇರೆ ತಂತಿಗೆಂದು ಪೆಟ್ಟಿಗೆ ತೆಗೆದರೆ ಖಾಲಿ.

"ಅದಾ? ನೀವು ಬ್ಯಾಂಕಿಗೆ ಹೋದಾಗ ನಾನೇ ತಕಂಡೋದೆ ಮಾರಾಯ್ರೆ. ಗಾಳಕ್ಕೆ ಹಾಕ್ದೆ. ಎಂತಾ ಗಟ್ಟಿ ದಾರ" ಎಂದ ದೋಣಿಯವ.

ಕೇಳದೇ ಮುಟ್ಟುವುದೇ ಎಂದು ಕಿರುಚಿದೆ. ಅವನ ಹೆಂಡತಿ ಸಮಾಧಾನವಾಗಿ ಹೇಳಿದಳು: "ಸಿಟ್ಟೆಂತಕ್ಕೆ? ನಿನ್ನೆ ಮೀನುಸಾರು ಕೊಟ್ಟಿದ್ನಲ್ಲ, ಅದೇ ದಾರದ್ದು. ನೀವೇ ಇನ್ನೊಂಚೂರು ಕೇಳಿ ಹಾಕಿಸ್ಕಂಡ್ರಿ."

ಹೊನ್ನಾವರ

ಇಲ್ಲಿಗೆ ವರ್ಗವಾದ ಮೇಲೆ ಒಂದು ಹೈಸ್ಕೂಲಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಕರೆದರು. ವೇದಿಕೆ ಹತ್ತಿದರೆ ಅಲ್ಲಿ ತಬಲಾ ಮಾಸ್ತರರು ಆಗಲೇ ಕೂತಿದ್ದಾರೆ. ಇದಕ್ಕೆ ತಬಲಾ ಇಲ್ಲ ಎಂದೆ. "ಊರಿಗೆ ಬಂದ ಕಲಾವಿದರನ್ನ ಸಾಥ್ ಇಲ್ಲದೇ ಕೂಡ್ಸುದಾ? ನಮ್ಮ ಮರ್ಯಾದೆ ಎಂತ ಆಗಬೇಕು?" ಎಂದರು ಮಾಸ್ತರರು.

ಆ ಪಾಠದಲ್ಲಿ ಅಲ್ಲಲ್ಲಿ ನಿಧಾನಿಸಬೇಕು, ಆಮೇಲೆ ಓಡಬೇಕು. ಅದರ ಸೊಗಸೇ ಅದು. ನಾನು ನಿಧಾನಿಸಿದಾಗಲೆಲ್ಲ, ಪಾಪ ಇವನ ಲಯ ತಪ್ಪಿತು ಎಂದು ಅವರು ಜೋರಾಗಿ ಬಾರಿಸಿ ನನ್ನನ್ನು ಎಳೆದರು. ಅರ್ಧಕ್ಕೇ, ಮೂರು ಸಲ ಬಾರಿಸಿ ಮುಕ್ತಾಯ ಹೇಳುವ ದೊಡ್ಡದೊಂದು ತಿಹಾಯಿ ಹೊಡೆದು ಮುಗಿಸಿಬಿಟ್ಟರು. ಚಪ್ಪಾಳೆ ಬಿತ್ತು, ಪರದೆಯೂ ಬಿತ್ತು.

ಹಲ್ಲು ಕಚ್ಚಿಕೊಂಡು ಇಳಿದೆ. ಹೆಡ್ಮಾಸ್ತರರು ಬೆನ್ನು ತಟ್ಟಿದರು: "ಬೇಜಾರು ಮಾಡ್ಕಬೇಡಿ. ನಿಮಗೆ ತಾಳ ಬತ್ತಿಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ."

ಕುಮಟಾ

ಎಂಬತ್ತರ ದಶಕದಲ್ಲಿ, ನಾನು ಇಲ್ಲಿಗೆ ವರ್ಗವಾಗಿದ್ದಾಗ, ಗುರುಗಳೇ ಪತ್ರ ಬರೆದರು. ಮಂಗಳೂರಿಗೆ ಹೋಗುವಾಗ ಕುಮಟಾದಲ್ಲಿ ಇಳಿಯುತ್ತಾರೆ, ಪಾಠ ಕೇಳಿಸಬೇಕು. ತಂತಿ ಮೀಟಲು ಬಲಗೈ ಉಗುರು ಉದ್ದ ಬೇಕು, ತಂತಿ ಒತ್ತಲು ಎಡಗೈಯದು ಮೊಂಡಾಗಿರಬೇಕು. ತಿಂಗಳುಗಟ್ಟಲೆ ಬಲಗೈ ಉಗುರನ್ನು ಮಗುವಿನಂತೆ ಸಾಕಿದೆ.

ಅವರು ಬರುವ ದಿನ ಬೆಳಿಗ್ಗೆ ಗಡ್ಡ ಮಾಡಿಸಲು ಹೋದೆ. ಗಡ್ಡದ ಜೊತೆ ಉಗುರನ್ನೂ ತೆಗೆದುಕೊಡುವುದು ಆ ಕ್ಷೌರಿಕನ ಪದ್ಧತಿ. ತಣ್ಣನೆ ನೀರು, ಮೆತ್ತನೆ ಕೈ, ಕುರ್ಚಿಯಲ್ಲೇ ತೂಕಡಿಸಿದೆ. ಎದ್ದು ನೋಡಿದರೆ ಬಲಗೈ ಬೋಳು.

"ಎಡಗೈದು ಚಂದ ಮಾಡಿ ತೆಗ್ದಿದ್ರಿ, ಬಲಗೈದು ಮರ್ತಿದ್ರಿ ಸಾಹೇಬ್ರೆ. ನಾ ತೆಗ್ದೆ, ಆತು" ಎಂದ.

ಸಂಜೆ ಗುರುಗಳ ಮುಂದೆ, ನೆರೆಯವರ ಮುಂದೆ, ಬರಿಬೆರಳಲ್ಲಿ ಉರಿಯುತ್ತ ನುಡಿಸಿದೆ. ನನ್ನ ಮುಖ ನೋಡಿ ಯಾರೂ ಕೆಮ್ಮಲೂ ಇಲ್ಲ. ಪಾಠ ಕೊನೆ ಮುಟ್ಟಿತು.

ಗುರುಗಳು ನನ್ನ ಬಲಗೈ ಹಿಡಿದು ನೋಡಿದರು. "ಉಗುರಿನ ಕರಕರ ಹೋಗಿ ದನಿ ಎಷ್ಟು ಮೆತ್ತಗಾಗಿದೆ. ಯಾರು ತೆಗೆದದ್ದು?"

ಮರುದಿನ ಬೆಳಿಗ್ಗೆ ಅವರು ಅದೇ ಕ್ಷೌರಿಕನ ಕುರ್ಚಿಯಲ್ಲಿ ಬಲಗೈ ಚಾಚಿ ಕೂತಿದ್ದರು. ಇಷ್ಟು ವರ್ಷ ನುಂಗಿದ್ದ ಸಿಟ್ಟನ್ನೆಲ್ಲ ಸೇರಿಸಿ ಗಟ್ಟಿಯಾಗಿಯೇ ಕೇಳಿದೆ, ಮುಂದಿನ ಪಾಠ ಎಲ್ಲಿ ಎಂದು.

"ಈಗ ಮಾತಾಡಿಸಬೇಡ," ಎಂದರು ಗುರುಗಳು, "ಕೈ ಅಲುಗುತ್ತದೆ."