ಲೋಕೇಶನ ಕವಳದ ಅಂಕಪಟ್ಟಿ

ಲೋಕೇಶ ಹೊಗೆಸೊಪ್ಪು ಬಿಟ್ಟು ಇಪ್ಪತ್ತೊಂಬತ್ತು ದಿನವಾಗಿತ್ತು. ಬಾಯೊಳಗಿನ ಬಿಳಿ ಕಲೆ ನೋಡಿ ಡಾಕ್ಟರು ಮುಖ ಗಂಟಿಕ್ಕಿದ ದಿನ ಹೆಂಡತಿ ಚೇತನಾ ಅತ್ತಿದ್ದಳು. ಆ ಕಣ್ಣೀರಿಗೆ ಹೆದರಿಯೇ ಅವನು ಕೊಪ್ಪದ ಸಮಾಲೋಚಕಿ ಅಪೇಕ್ಷಾ ಮೇಡಂ ಹತ್ತಿರ ಹೋದದ್ದು. ಅವರು ಮಾತ್ರೆ ಕೊಡಲಿಲ್ಲ, ಒಂದು ನೋಟ್‌ಬುಕ್ ಕೊಟ್ಟರು. ಚಪಲ ಎದ್ದ ಕೂಡಲೇ ಬರೆಯಬೇಕು: ಯಾರ ಮನೆ, ಮನಸ್ಸು ಹೇಳಿದ ನೆಪವೇನು, ಅದಕ್ಕೆ ತನ್ನ ಉತ್ತರವೇನು, ಚಪಲದ ಜೋರು ಹತ್ತಕ್ಕೆ ಎಷ್ಟು. ಬರೆದು ಮುಗಿಸುವಷ್ಟರಲ್ಲಿ ಅರ್ಧ ಇಳಿಯುತ್ತದೆ ಎಂದಿದ್ದರು. ಇಳಿಯುತ್ತಲೂ ಇತ್ತು. ಈ ದಿನ ಒಂದು ದಾಟಿದರೆ ತಿಂಗಳು ಭರ್ತಿ.

ಕಷ್ಟವೆಂದರೆ, ಅವನ ಕೆಲಸ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು. ಆವತ್ತು ಸ್ವಂತ ಊರು ಮೇಗುಂದದ ಸರದಿ. ಅಲ್ಲಿ ಬಂದವರ ಮುಂದೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಕವಳದ ತಟ್ಟೆ ಇಡದಿದ್ದರೆ ಮನೆಯ ಮರ್ಯಾದೆ ಹೋದಂತೆ.

ಮೊದಲ ಮನೆ ಸುಲೋಚನಮ್ಮನದು. ತಟ್ಟೆ ಕಂಡದ್ದೇ ಬಾಯಲ್ಲಿ ನೀರೂರಿತು. 'ಒಂದೇ ಒಂದು ಹಾಕಿದರೆ ಏನಾಗುತ್ತದೆ' ಎಂದಿತು ಮನಸ್ಸು. 'ಒಂದೇ ಒಂದು ಅಂತಲೇ ಹದಿನೆಂಟು ವರ್ಷ ಹಾಕಿದೆ' ಎಂದು ಬರೆದು, ಪಕ್ಕದಲ್ಲಿ ಒಂಬತ್ತು ಎಂದು ಗುರುತಿಸಿ, ಕವಳ ಮುಟ್ಟದೆ ಎದ್ದ.

ಹಿಂದಿನಿಂದ ಇಣುಕಿದ ಸುಲೋಚನಮ್ಮನಿಗೆ ಕಂಡದ್ದು ತನ್ನ ಹೆಸರು ಮತ್ತು ಒಂಬತ್ತು, ಅಷ್ಟೇ. "ಬರೀ ಕಣ್ಣಲ್ಲಿ ನೋಡಿ ನನ್ನ ಕವಳಕ್ಕೆ ಒಂಬತ್ತು ಕೊಟ್ಟ ಮಾರಾಯ್ತಿ" ಎಂದು ಪಕ್ಕದ ಮನೆಯ ಸುಬ್ಬಿಗೆ ಫೋನು ಮಾಡಿದರು. ಲೋಕೇಶ ಗೇಟು ದಾಟುವ ಮೊದಲೇ ಸುದ್ದಿ ಊರು ದಾಟಿತ್ತು.

ಸುಬ್ಬಿಗೆ ನಾಲ್ಕು ಬಿತ್ತು. ಅವಳು ಸುಮ್ಮನಿರುವವಳೇ? ಎಳೆ ಎಲೆ, ಹೊಸ ಸುಣ್ಣ, ಖಡಕ್ ಹೊಗೆಸೊಪ್ಪು ಹಿಡಿದು ಬೇಲಿ ಹಾರಿ ಬಂದು, ಇದನ್ನು ನೋಡಿ ಮಾರ್ಕು ತಿದ್ದು ಎಂದು ಪಟ್ಟು ಹಿಡಿದಳು. ಮುಂದಿನ ಮನೆಯ ಮಾರಪ್ಪ ಏಲಕ್ಕಿ ಹಾಕಿ ಮಡಚಿದ ಕವಳವನ್ನು ಅವನ ಬೈಕಿನ ಕನ್ನಡಿಗೇ ಸಿಕ್ಕಿಸಿದ. ಇದು ಕವಳದ ಅಂಕವಲ್ಲ, ತನ್ನ ಚಪಲದ ಅಂಕ ಎಂದು ಲೋಕೇಶ ತಿಳಿಸಿ ಹೇಳಿದ. ಕಡಿಮೆ ಕೊಟ್ಟವರು ಹೀಗೇ ಜಾರಿಕೊಳ್ಳುವುದು ಎಂದು ಊರು ನಕ್ಕಿತು. ಲೋಕೇಶ ಮಾತ್ರ ಜಗ್ಗಲಿಲ್ಲ. ಬರೆದ, ಉತ್ತರ ಕೊಟ್ಟ, ಮುಂದಿನ ಮೀಟರಿಗೆ ನಡೆದ.

ಸಂಜೆ ಮನೆ ಮುಟ್ಟಿದಾಗ ಮೂವತ್ತನೆಯ ದಿನವನ್ನೂ ಗೆದ್ದಿದ್ದ. ಹೆಮ್ಮೆಯಿಂದ ಕೊನೆಯ ಸಾಲು ಬರೆದ: 'ನಮ್ಮ ಮನೆ, ಚೇತನಾ: ಸೊನ್ನೆ.' ಮನೆಯಲ್ಲಿ ಚಪಲವೇ ಏಳದು ಎಂಬುದಕ್ಕಿಂತ ದೊಡ್ಡ ಗೆಲುವುಂಟೇ? ನೋಟ್‌ಬುಕ್ಕನ್ನು ಅವಳ ಕೈಗಿಟ್ಟು ಕೈಕಾಲು ತೊಳೆಯಲು ಹೋದ.

ಮರಳಿ ಬಂದಾಗ ಚೇತನಾ ನೆಂಟರಿಗೆಂದು ಇಟ್ಟಿದ್ದ ಹೊಗೆಸೊಪ್ಪು ತುಂಬಿ ಮಡಚಿದ ಕವಳ ಹಿಡಿದು ನಿಂತಿದ್ದಳು. ಅದು ಚಪಲದ ಅಂಕವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬಂದದ್ದೇ ಅದಕ್ಕೆ: ಕಂಡವರ ಮನೆಯಲ್ಲೆಲ್ಲ ಎದ್ದ ಚಪಲ ತನ್ನೆದುರು ಮಾತ್ರ ಏಳಲಿಲ್ಲವಲ್ಲ.

"ಸುಲೋಚನಮ್ಮಂಗೆ ಒಂಬತ್ತು, ಆ ಸುಬ್ಬಿಗೂ ನಾಲ್ಕು. ಇಷ್ಟು ವರ್ಷ ಮಡಚಿ ಕೊಟ್ಟ ನಂಗೆ ಸೊನ್ನೆಯಾ?"

"ನಿಂಗೆ ಹತ್ತು" ಎಂದ ಲೋಕೇಶ.

"ಬಾಯಿಗೆ ಹಾಕದೆ ಹೆಂಗೆ ಗೊತ್ತಾತು? ಹಾಕಿ, ಆಮೇಲೆ ಹೇಳಿ."

ಅಪೇಕ್ಷಾ ಮೇಡಂ ಕಲಿಸಿದ್ದೆಲ್ಲ ಮನಸ್ಸಿಗೆ ಕೊಡುವ ಉತ್ತರಗಳು. ಹೆಂಡತಿಗೆ ಕೊಡುವಂಥದು ಅದರಲ್ಲಿ ಒಂದೂ ಇರಲಿಲ್ಲ. ಲೋಕೇಶ ಕವಳಕ್ಕೆ ಬಾಯಿ ತೆರೆದ.