ಗಂಟು ಉದುರಿದ ಬಾಗಿಲು

ಕನ್ನಡದಲ್ಲಿ ‘ಗಂಟು’ ಎಂಬಷ್ಟು ತಂಟೆಯ ಮಾತು ಇನ್ನೊಂದಿರಲಿಕ್ಕಿಲ್ಲ. ಗಂಟು ಕಟ್ಟಿದವನು ಊರು ಬಿಡುತ್ತಾನೆ, ಗಂಟುಬಿದ್ದವನು ಬೆನ್ನು ಬಿಡುವುದಿಲ್ಲ. ಹಿಟ್ಟಿನಲ್ಲಿ ಗಂಟಾದರೆ ಅಡಿಗೆ ಕೆಟ್ಟಿತು, ಮುಖದಲ್ಲಾದರೆ ಸಂಸಾರ. ಕಟ್ಟಿಗೆಯ ಗಂಟಿನದಂತೂ ಬೇರೆಯೇ ಕತೆ. ಟೊಂಗೆ ಹುಟ್ಟಿದ ಜಾಗ ಅದು. ಹಲಗೆ ಕೊಯ್ದ ಮೇಲೆ ಒಣಗಿ ಉದುರಿತೆಂದರೆ ದುಂಡನೆಯ ತೂತು ಉಳಿಯುತ್ತದೆ. ಅಂಥ ತೂತೊಂದು ನನ್ನ ಲಗ್ನವನ್ನೇ ಮುರಿಯಲು ಹೊರಟಿತ್ತು.

ಆಗಿನ್ನೂ ಇಂಗ್ರೇಜರ ಕಾಲ. ಕನ್ಯೆ ನೋಡಲು ಶಿಗ್ಗಾಂವದಿಂದ ಹಂಸಭಾವಿಗೆ ಹೋಗಿದ್ದೆ, ಜೊತೆಗೆ ಸೋದರಮಾವ. ಕನ್ಯೆಯ ತಂದೆ ಕನ್ನಡ ಶಾಲೆಯ ಮಾಸ್ತರರು. ನಮ್ಮ ಮಾವ ಕಾಳಿನ ವ್ಯಾಪಾರಿ. ಚಿಕ್ಕಂದಿನಲ್ಲಿ ಮಠದಲ್ಲಿ ಒಂದಿಷ್ಟು ಸಂಸ್ಕೃತ ಕಲಿತಿದ್ದರು, ಅದನ್ನು ಕಂಡಕಂಡಲ್ಲಿ ಖರ್ಚುಮಾಡುವ ಚಟ. ಉಪ್ಪಿಟ್ಟು ಬರುವ ಮೊದಲೇ ಅವರ ಕಣ್ಣು ನಡುಮನೆಯ ಬಾಗಿಲಿನ ತೂತಿನ ಮೇಲೆ ಬಿತ್ತು.

“ಗಂಟು ಉದುರೇತಲ್ರಿ, ಮಾಸ್ತರ. ಗಂಟು ಅಂದ್ರ ಗ್ರಂಥಿ. ಸಂಸ್ಕೃತದಿಂದ ಬಂದದ್ದು.”

“ಎಲ್ಲೀ ಸಂಸ್ಕೃತರೀ? ಅದು ನಮ್ಮ ಅಚ್ಚಗನ್ನಡ ಮಾತು,” ಎಂದರು ಮಾಸ್ತರರು.

“ಹಂಗಾದ್ರ ನಾ ಕಲ್ತದ್ದು ಸುಳ್ಳೇನ್ರಿ?”

“ನಾ ಕಲಿಸಿದ್ದು ಸುಳ್ಳೇನ್ರಿ?”

ದನಿ ಏರಿತು. ಉಪ್ಪಿಟ್ಟು ಬಂತು, ಆರಿತು. ಕನ್ಯೆಯನ್ನು ಕರೆಯುವ ನೆನಪು ಯಾರಿಗೂ ಇರಲಿಲ್ಲ. ಆ ಬಾಗಿಲಿನ ಪಕ್ಕದಲ್ಲೇ ಕುಳಿತಿದ್ದ ನಾನು ಮೆಲ್ಲಗೆ ಕೊರಳು ಹೊರಳಿಸಿ ತೂತಿಗೆ ಕಣ್ಣಿಟ್ಟೆ. ಆಚೆ ಮತ್ತೊಂದು ಕಣ್ಣು!

“ಸರೀರಿ ಸ್ವಲ್ಪ,” ಎಂದಿತು ಪಿಸುದನಿ. “ನಾ ಮೊದಲ ನೋಡಾಕತ್ತೇನಿ.”

ನಾನು ಪಟ್ಟನೆ ಸರಿದೆ. ಅಷ್ಟರಲ್ಲಿ ಮಾವ ರುಮಾಲು ಸುತ್ತಿಕೊಂಡು ಎದ್ದೇಬಿಟ್ಟರು. “ಏಳೋ ತಮ್ಮಾ, ಈ ಮನಿ ಸಂಬಂಧ ನಮಗ ಬ್ಯಾಡ!” ನಾನೂ ಎದ್ದು ನಿಂತೆ. ಹಿರಿಯರ ಮುಂದೆ ಲಗ್ನದ ಮಾತೆತ್ತುವ ಧೈರ್ಯ ಆಗಿನ ಗಂಡುಮಕ್ಕಳಿಗೆಲ್ಲಿತ್ತು?

ಬಾಗಿಲು ತೆರೆದು ಹುಡುಗಿಯೇ ಹೊರಗೆ ಬಂದಳು. “ಅಪ್ಪಾ, ಆ ಮಾತು ಎಲ್ಲಿಂದರ ಬಂದಿರ್ಲಿ. ಬಂದವರನ್ನ ಉಪವಾಸ ಕಳಸಬ್ಯಾಡ. ನನಗ ಒಪ್ಪಿಗಿ ಐತಿ.”

ಕನ್ಯೆ ತಾನೇ ಒಪ್ಪಿಗೆ ಹೇಳುವುದನ್ನು ಪಂಡಿತರಿಬ್ಬರೂ ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ಮಾವ ಕುಳಿತು, ಆರಿದ ಉಪ್ಪಿಟ್ಟು ಬಳಿದು ತಿಂದು, “ನಮ್ಮ ಹುಡುಗಗ ಇಂಥಾಕೀನ ಬೇಕು ಬಿಡ್ರಿ,” ಎಂದರು.

ಒಂದೇ ನೋಟಕ್ಕೆ ಹೆಣ್ಣನ್ನು ಗೆದ್ದವನೆಂದು ನಾನು ಬೀಗರ ಮುಂದೆಲ್ಲ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ಒಂದು ದಿನ ತಡೆಯಲಾರದೆ ಹೆಂಡತಿಯನ್ನೇ ಕೇಳಿದೆ: “ಅವತ್ತ ನನ್ನೊಳಗ ಅಂಥಾದ್ದೇನ ಕಂಡಿ?”

ಅವಳು ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ನೀವೆಲ್ಲಿ ಕಂಡ್ರಿ? ಮೊದಲ ತೂತಿಗೆ ನಿಮ್ಮ ಕಣ್ಣು ಅಡ್ಡ ಇತ್ತು. ನೀವು ಸರಿದ ಮ್ಯಾಲ ಕಂಡದ್ದು ಗ್ವಾಡಿ.”

“ಮತ್ತ ಒಪ್ಪಿದ್ದ್ಯಾಕ?”

“ಸರೀರಿ ಅಂದಕೂಡ್ಲೆ ಸರದ್ರಲ್ಲ, ಅಷ್ಟ ಸಾಕಾತು.”