ನನ್ನ ಚಿಕ್ಕಮ್ಮನೂ ಅವಳ ಎದೆಬಡಿತವೂ

ನನ್ನ ಚಿಕ್ಕಮ್ಮನಿಗೆ ಹೆದರದವರು ಮಲ್ಲೇಶ್ವರದಲ್ಲಿ ಯಾರಾದರೂ ಇದ್ದರೆ, ಅವರು ಇನ್ನೂ ಅವಳ ಹತ್ತಿರ ತರಕಾರಿ ಕೊಂಡಿಲ್ಲ ಎಂದೇ ಅರ್ಥ! ಮಾರ್ಕೆಟ್ಟಿನ ಪಕ್ಕ ಅವಳದೊಂದು ಅಂಗಡಿ. ಬೆಂಡೆಕಾಯಿಯ ತುದಿ ಮುರಿದು ನೋಡಿದವರನ್ನು, "ನಿಮ್ಮ ಬೆರಳು ಮುರಿದು ನೋಡ್ಲಾ ಸಾರ್, ಎಳೇದೋ ಬಲಿತಿದೆಯೋ?" ಎಂದು ವಿಚಾರಿಸಿಕೊಳ್ಳುವವಳು. ಫುಟ್‌ಪಾತಿನ ಮೇಲೆ ಬೈಕು ಓಡಿಸಿಕೊಂಡು ಬಂದ ಧಾಂಡಿಗನೊಬ್ಬನನ್ನು ಸೋರೆಕಾಯಿ ಹಿಡಿದು ಅಟ್ಟಿಸಿಕೊಂಡು ಹೋಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇಂಥ ಚಿಕ್ಕಮ್ಮ ಒಂದು ಮಧ್ಯಾಹ್ನ ಈರುಳ್ಳಿ ತೂಗುತ್ತಾ ತೂಗುತ್ತಾ ಎದೆ ಹಿಡಿದುಕೊಂಡು ಕುಸಿದು ಕೂತಳು. ಕೈಕಾಲು ತಣ್ಣಗಾಗಿ, ಮೈಯೆಲ್ಲ ಬೆವರಿ, ಉಸಿರು ಸಿಗದೆ ಒದ್ದಾಡಿದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಇಸಿಜಿ ನೋಡಿದ ಡಾಕ್ಟರು ನಕ್ಕರು.

"ಹೃದಯ ಚೆನ್ನಾಗಿದೆಯಮ್ಮ. ನಿಮಗೇನೂ ಆಗಿಲ್ಲ."

"ಹಾಗಾದ್ರೆ ಒಳಗೆ ಕುಣೀತಿರೋದು ಯಾರು?"

ಡಾಕ್ಟರು ಮುಂದಿನ ಪೇಷಂಟನ್ನು ಕರೆದರು. ಕುಣಿತ ಮಾತ್ರ ನಿಲ್ಲಲಿಲ್ಲ. ಅದು ಹೇಳಿ ಕೇಳಿ ಬರುತ್ತಿರಲಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಒಮ್ಮೆಯಂತೂ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೇ ಬಂತು. ಅವಳು ಇನ್ನೊಬ್ಬ ಡಾಕ್ಟರನ್ನು ಹುಡುಕಿದಳು. ಅವರೂ ಚೆನ್ನಾಗಿದೆ ಎಂದರು. ಹೃದಯ ಚೆನ್ನಾಗಿದೆ ಎಂದರೆ ಸಿಟ್ಟಿಗೇಳುವ ಹೆಂಗಸನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕೊನೆಗೆ ವಯಸ್ಸಾದ ಡಾಕ್ಟರಮ್ಮ ಒಬ್ಬರು ಸಿಕ್ಕರು. ಅವರು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಕೇಳಿದರು.

"ಇದು ಬಂದಾಗ ಏನನ್ಸುತ್ತಮ್ಮ?"

"ಸತ್ತೇ ಹೋಗ್ತೀನಿ ಅನ್ಸುತ್ತೆ."

"ಬರದೇ ಇದ್ದಾಗ?"

"ಯಾವಾಗ ಬರುತ್ತೋ ಅನ್ಸುತ್ತೆ."

ಡಾಕ್ಟರಮ್ಮ ನಗಲಿಲ್ಲ. "ನಿಮಗೆ ಏನೂ ಇಲ್ಲ ಅಂತ ನಾನು ಹೇಳಲ್ಲ. ಇದು ಆತಂಕದ ಕಾಯಿಲೆ. ಇಲ್ಲದ ಅಪಾಯವನ್ನ ಇದೆ ಅಂತ ನಂಬಿ ಮೈ ಓಡೋಕೆ ತಯಾರಾಗ್ಬಿಡುತ್ತೆ. ಒಬ್ಬರು ಕೌನ್ಸೆಲರ್ ಹತ್ರ ಕಳಿಸ್ತೀನಿ, ಹೋಗಿ."

"ಅಂದ್ರೆ ನಂಗೆ ಹುಚ್ಚು ಅಂತೀರಾ?"

"ಬಿಪಿ ಇರೋರನ್ನ ಹುಚ್ಚರು ಅಂತೀರಾ?"

ಚಿಕ್ಕಮ್ಮನ ಬಾಯಿ ಮುಚ್ಚಿಸಿದ ಏಕೈಕ ಮಹಿಳೆ ಎಂದು ಆ ಡಾಕ್ಟರಮ್ಮನಿಗೆ ನಾನು ಮನಸ್ಸಿನಲ್ಲೇ ಶಾಲು ಹೊದಿಸಿದೆ.

ಮೊದಲ ಸಲ ಕೌನ್ಸೆಲಿಂಗಿಗೆ ನಾನೇ ಜೊತೆಗೆ ಹೋದೆ. ಒಳಗಿದ್ದದ್ದು ಚಿಕ್ಕ ವಯಸ್ಸಿನ ಹುಡುಗಿ. ಪಾಪ, ಇವಳ ಗತಿ ಏನಪ್ಪಾ ಎಂದುಕೊಂಡು ಹೊರಗೆ ಕೂತೆ. ಮೊದಲು ಚಿಕ್ಕಮ್ಮನ ದೊಡ್ಡ ಗಂಟಲು ಕೇಳಿಸಿತು. ಆಮೇಲೆ ಅವಳದೇ ಸಣ್ಣ ಗಂಟಲು. ಆಮೇಲೆ ಏನೂ ಕೇಳಿಸಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಗಿತ್ತು.

"ಬೈದ್ಯಾ ಚಿಕ್ಕಮ್ಮ?"

"ಇಲ್ಲ ಕಣೇ. ಅವಳು ಬರೀ ಕೇಳಿಸ್ಕೋತಾಳೆ. ಎದುರು ಮಾತಾಡದೇ ಇರೋರ ಹತ್ರ ಜಗಳ ಆಡೋದಾದ್ರೂ ಹೇಗೆ!"

ಅಲ್ಲಿಂದ ಪ್ರತಿ ವಾರ ಹೋದಳು. ಗಾಬರಿ ಬಂದಾಗ ಎದ್ದು ಓಡಬೇಡಿ, ಅದು ಏರಿ ತಾನಾಗಿಯೇ ಇಳಿಯುವವರೆಗೆ ಇದ್ದಲ್ಲೇ ಇರಿ ಎಂದು ಆ ಹುಡುಗಿ ಹೇಳಿಕೊಟ್ಟಿದ್ದಳು. ಚಿಕ್ಕಮ್ಮ ಅದನ್ನು ತನ್ನದೇ ಶೈಲಿಯಲ್ಲಿ ಪಾಲಿಸಿದಳು. ಒಂದು ಸಂಜೆ, ವ್ಯಾಪಾರ ಜೋರಾಗಿದ್ದಾಗಲೇ ಕುಣಿತ ಶುರುವಾಯಿತು. ಚಿಕ್ಕಮ್ಮ ಗಾಳಿಗೆ ಕಣ್ಣು ಬಿಟ್ಟು ಗುಡುಗಿದಳು: "ಬಾ, ಕೂತ್ಕೋ! ಏನು ಮಾಡ್ತೀಯೋ ಮಾಡು, ನಾನಂತೂ ಏಳಲ್ಲ!" ಬೀನ್ಸ್ ಆರಿಸುತ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಬೆಚ್ಚಿಬಿದ್ದು ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟರು!

ಇಷ್ಟಾದರೂ ನೆಂಟರಿಗೆ ಸಮಾಧಾನವಿರಲಿಲ್ಲ. ಮುಖ್ಯವಾಗಿ ಅವಳ ಅಣ್ಣ, ಅಂದರೆ ನನ್ನ ದೊಡ್ಡ ಮಾವನಿಗೆ. "ಹೋಗೋದು ಹೋಗು, ಯಾರಾದ್ರೂ ಕೇಳಿದ್ರೆ ಗ್ಯಾಸ್ಟ್ರಿಕ್ ಅನ್ನು" ಎಂದು ಫೋನ್ ಮಾಡಿ ಬುದ್ಧಿ ಹೇಳಿದರು.

"ಗ್ಯಾಸ್ಟ್ರಿಕ್ ಇದ್ದಿದ್ರೆ ಗ್ಯಾಸ್ಟ್ರಿಕ್ ಅಂತಿದ್ದೆ!" ಎಂದು ಫೋನಿಟ್ಟಳು. ಮಾರನೆಯ ದಿನದಿಂದ, ಅಂಗಡಿ ಯಾಕೆ ಮುಚ್ಚಿತ್ತು ಎಂದು ಕೇಳಿದವರಿಗೆಲ್ಲ ಸಂಪಿಗೆ ರಸ್ತೆಯವರೆಗೂ ಕೇಳಿಸುವಂತೆ, "ಕೌನ್ಸೆಲಿಂಗಿಗೆ ಹೋಗಿದ್ದೆ, ನಿಮಗೂ ಬೇಕಾ?" ಅನ್ನತೊಡಗಿದಳು. ತಮಾಷೆಯೆಂದರೆ, ಮೊದಮೊದಲು ಮುಖ ತಿರುಗಿಸಿಕೊಂಡವರೇ ಆಮೇಲೆ ಒಬ್ಬೊಬ್ಬರಾಗಿ ಬಂದು ಕೊತ್ತಂಬರಿ ಸೊಪ್ಪಿನ ನೆಪದಲ್ಲಿ ವಿಳಾಸ ಕೇಳಿಕೊಂಡು ಹೋದರು.

ಮೊನ್ನೆ ಚಾಮರಾಜಪೇಟೆಯ ಛತ್ರವೊಂದರಲ್ಲಿ ನಮ್ಮವರದೇ ಒಂದು ನಾಮಕರಣ. ಊಟದ ಪಂಕ್ತಿಯಲ್ಲಿ ಚಿಕ್ಕಮ್ಮನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ದೊಡ್ಡ ಮಾವ. ಅವರು ಕೋಸಂಬರಿಗೂ ಕಾಯದೆ ಶುರುಮಾಡಿದರು.

"ಮಾರ್ಕೆಟ್ಟಿಗೆಲ್ಲ ಡಂಗುರ ಹೊಡೀತಿದೀಯಂತೆ. ಮನೆತನದ ಮರ್ಯಾದೆ ಅಂತ ಒಂದಿದೆ ಕಣೇ. ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದೆಲ್ಲ ಇರ್ಲಿಲ್ಲ."

ಈಗ ಛತ್ರದ ಹೆಂಚು ಹಾರುತ್ತದೆ ಎಂದು ನಾನು ನೀರಿನ ಲೋಟವನ್ನು ದೂರ ಸರಿಸಿದೆ. ಚಿಕ್ಕಮ್ಮ ಗಂಟಲೆತ್ತಲಿಲ್ಲ.

"ಅಮ್ಮಂಗಿತ್ತು ಕಣೋ ಅಣ್ಣ."

ಮಾವ ತಿರುಗಿ ನೋಡಿದರು.

"ನನ್ನ ಮದುವೆ ದಿನ ಅಮ್ಮ ಛತ್ರದ ಬಾಗಿಲ ತನಕ ಬಂದು ವಾಪಸ್ ಹೋದ್ಲಲ್ಲ. ಅಳಿಯ ಇಷ್ಟ ಇಲ್ಲ, ಅದಕ್ಕೇ ಜಂಬ ಮಾಡಿದ್ಲು ಅಂತ ಎಲ್ಲರೂ ಅಂದ್ರು. ನಾನೂ ಅಂದ್ಕೊಂಡೆ. ಬಾಗಿಲಲ್ಲಿ ಅವಳ ಕೈ ಹಿಡ್ಕೊಂಡಿದ್ದೆ ನಾನು. ಮಂಜುಗಡ್ಡೆ ಹಾಗಿತ್ತು, ನಡುಗ್ತಿತ್ತು, ಸೆರಗೆಲ್ಲ ಬೆವರು. ಈಗ ನಂಗೂ ಹಾಗೇ ಆಗುತ್ತಲ್ಲ, ಅದಕ್ಕೇ ಗೊತ್ತಾಯ್ತು. ಅವಳಿಗೆ ಜಂಬ ಅಲ್ಲ, ಭಯ. ಹೇಳ್ಕೊಳ್ಳೋಕೆ ಪಾಪ, ಒಬ್ಬರೂ ಇರ್ಲಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳ್ತೀನಿ. ಹೇಳೇ ಹೇಳ್ತೀನಿ."

ಮಾವ ಎಲೆಯ ತುದಿಯಲ್ಲಿದ್ದ ಉಪ್ಪನ್ನು ಬೆರಳಿಂದ ಸರಿಸಿದರು.

"ಆ ಸಿಟ್ಟಲ್ಲಿ, ಅವಳು ಸಾಯೋ ತನಕ ನಾನು ಅವಳ ಜೊತೆ ಸರಿಯಾಗಿ ಮಾತಾಡ್ಲೇ ಇಲ್ಲ ಕಣೇ" ಎಂದರು.

ಅಷ್ಟರಲ್ಲಿ ಒಬ್ಬಟ್ಟು ಬಡಿಸುವವನು ಬಂದ. ಮಾವ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರು. ಚಿಕ್ಕಮ್ಮ ಆ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಹಾಕಪ್ಪ" ಎಂದಳು ಬಡಿಸುವವನಿಗೆ. "ತುಪ್ಪ ಜಾಸ್ತಿ ಹಾಕು. ನಮ್ಮಣ್ಣ."